ಹುಳ ಬೀಳದ ಗಿಡಗಳ ಪಟ್ಟಿ ಓದಿದ ಮೇಲೆ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಕೈತೋಟದ ಅಂಕಣವನ್ನು ತಪ್ಪದೆ ಓದುವವಳು ನಾನು. ಹೋದ ವಾರ ಅದರಲ್ಲಿ ‘ಹುಳ ಬೀಳದ ಅಂದದ ಗಿಡಗಳು’ ಅಂತ ಒಂದು ಪಟ್ಟಿ ಬಂದಿತ್ತು. ಚೆನ್ನಾಗಿಯೇ ಬರೆದಿದ್ದರು. ಆದರೆ ಆ ತಲೆಬರಹ ನನ್ನನ್ನು ಎರಡು ದಿನ ಕಾಡಿತು, ಅದಕ್ಕೇ ಈ ಪತ್ರ. ಪಟ್ಟಿಯಲ್ಲಿದ್ದ ಒಂದು ಗಿಡವೂ ನಮ್ಮ ನೆಲದ್ದಲ್ಲ. ಎಲ್ಲವೂ ಬೇರೆ ಖಂಡಗಳಿಂದ ಬಂದವು. ಅವಕ್ಕೆ ಹುಳ ಬೀಳದಿರಲು ಮುಖ್ಯ ಕಾರಣವೂ ಅದೇ ಅಲ್ವಾ? ಇಲ್ಲಿನ ಹುಳುಗಳಿಗೆ ಆ ಎಲೆ ತಿನ್ನಲು ಬರುವುದಿಲ್ಲ.

ಎಲೆ ತಿನ್ನುವುದು ನಾವು ಅಂದುಕೊಂಡಷ್ಟು ಸುಲಭದ ಕೆಲಸವಲ್ಲ. ಗಿಡಗಳು ತಮ್ಮನ್ನು ಕಾಪಾಡಿಕೊಳ್ಳಲು ಎಲೆಯಲ್ಲಿ ಕಹಿಯನ್ನೋ ವಿಷವನ್ನೋ ಅಂಟನ್ನೋ ಇಟ್ಟುಕೊಂಡಿರುತ್ತವೆ. ಅದನ್ನು ಅರಗಿಸಿಕೊಳ್ಳುವುದು ಒಂದು ಜಾತಿಯ ಹುಳುವಿಗೆ ಒಗ್ಗಬೇಕಾದರೆ ಲೆಕ್ಕವಿಲ್ಲದಷ್ಟು ತಲೆಮಾರುಗಳು ಹಿಡಿಯುತ್ತವೆ, ಒಗ್ಗಿದ ಮೇಲೆ ಅದು ಆ ಗಿಡಕ್ಕೋ ಅದರ ಹತ್ತಿರದ ನೆಂಟರಿಗೋ ಅಂಟಿಕೊಂಡುಬಿಡುತ್ತದೆ. ಎಲೆ ತಿನ್ನುವ ಹುಳುಗಳಲ್ಲಿ ಜಾಸ್ತಿ ಪಾಲು ಇಂಥವೇ. ಆ ಗಿಡ ಹೋದರೆ ಹುಳುವೂ ಹೋಯಿತು. ಸುತ್ತ ಎಷ್ಟೇ ಹಸಿರಿರಲಿ, ಅದರ ಪಾಲಿಗೆ ಬಯಲೇ.

ಇದನ್ನು ನಾನು ಓದಿ ತಿಳಿದದ್ದಕ್ಕಿಂತ ಒಂದು ಎಕ್ಕದ ಗಿಡ ನೋಡಿ ತಿಳಿದದ್ದು ಜಾಸ್ತಿ. ಕಾಂಪೌಂಡಿನ ಮೂಲೆಯಲ್ಲಿ ಅದು ತಾನಾಗಿ ಹುಟ್ಟಿತ್ತು. ಕಳೆ ಅಂತ ಕೀಳಲು ಹೋದಾಗ ಎಲೆಯ ಅಡಿಯಲ್ಲಿ ಒಂದು ಕಂಬಳಿಹುಳ ಕಂಡಿತು. ಮೈತುಂಬ ಬಿಳಿ, ಕಪ್ಪು ಪಟ್ಟೆ, ನಡುನಡುವೆ ಹಳದಿ ಚುಕ್ಕೆ, ಬೆನ್ನ ಮೇಲೆ ದಾರದಂಥ ಮೂರು ಜೊತೆ ಕಪ್ಪು ಕೋಡು. ಕೈಗೆ ಹಾಲು ತಾಗಿದರೆ ನಾವು ಓಡಿಹೋಗಿ ತೊಳೆದುಕೊಳ್ಳುವ ಆ ಎಲೆಯನ್ನು ಅದು ಅಂಚಿನಿಂದ ಶುರು ಮಾಡಿ ನೆಮ್ಮದಿಯಾಗಿ ಮೇಯುತ್ತಿತ್ತು. ಕೀಳುವ ಕೈ ಹಿಂದಕ್ಕೆ ಬಂತು. ಸುಮಾರು ಹನ್ನೆರಡು ದಿನದಲ್ಲಿ ಆ ಟೊಂಗೆಯಲ್ಲಿ ಬರೀ ದಿಂಡು ಉಳಿಯಿತು. ಆಮೇಲೆ ಹುಳ ಕಾಣಲಿಲ್ಲ. ಹುಡುಕಿದರೆ, ಕೆಳಗಿನ ಎಲೆಯ ಹಿಂದೆ ಬೆರಳ ತುದಿಯಷ್ಟು ಹಸಿರು ಗೂಡು ನೇತಾಡುತ್ತಿತ್ತು. ಒಡೆಯುವ ಮುಂಚೆ ಅದರ ಸಿಪ್ಪೆ ಗಾಜಿನ ಹಾಗೆ ತಿಳಿಯಾಗಿ ಒಳಗಿನ ಕಿತ್ತಳೆ ರೆಕ್ಕೆ ಕಾಣಿಸಿತು. ಪ್ಲೇನ್ ಟೈಗರ್ ಅನ್ನೋ ಚಿಟ್ಟೆ ಅದು. ಗಿಡ ಸಾಯಲಿಲ್ಲ, ಹದಿನೈದು ದಿನದಲ್ಲಿ ಮತ್ತೆ ಚಿಗುರಿತು.

ಚಿಟ್ಟೆ ಬರಲಿ ಅಂತ ಬಣ್ಣದ ಹೂವಿನ ಗಿಡ ತರುವವರು ತುಂಬಾ ಜನ. ಹೂವಿನ ಮಕರಂದ ಚಿಟ್ಟೆ ಎಲ್ಲಿ ಬೇಕಾದರೂ ಕುಡಿಯುತ್ತದೆ. ಮೊಟ್ಟೆ ಮಾತ್ರ ಎಲ್ಲಿ ಬೇಕಾದರೂ ಇಡುವುದಿಲ್ಲ. ಮರಿಗೆ ಎಲೆ ಇಲ್ಲದ ತೋಟದಲ್ಲಿ ಚಿಟ್ಟೆ ಬರೀ ದಾರಿಹೋಕ.

ಹಕ್ಕಿಗಳ ವಿಷಯವೂ ಇಲ್ಲಿಗೇ ಬಂದು ನಿಲ್ಲುತ್ತದೆ. ಕಾಳು ತಿನ್ನುವ ಹಕ್ಕಿಗಳಲ್ಲೂ ಎಷ್ಟೋ ಜಾತಿಗಳು ಮರಿಗೆ ಕೊಡುವುದು ಹುಳುವನ್ನೇ. ಅಮೆರಿಕದ ಕೀಟವಿಜ್ಞಾನಿ ಡಗ್ಲಸ್ ಟ್ಯಾಲಮಿ ಈ ಲೆಕ್ಕವನ್ನು ಜನರ ಮುಂದಿಟ್ಟವರು. ಅಲ್ಲಿನ ಚಿಕಡೀ ಅನ್ನುವ ಪುಟಾಣಿ ಹಕ್ಕಿ ಒಂದು ಗೂಡಿನ ಮರಿಗಳನ್ನು ಹಾರಲು ಬಿಡುವಷ್ಟರಲ್ಲಿ 6,000ದಿಂದ 9,000 ಕಂಬಳಿಹುಳ ತರಬೇಕಂತೆ. ವಾಷಿಂಗ್ಟನ್ ಸುತ್ತಲಿನ ಮನೆಗಳ ತೋಟಗಳಲ್ಲಿ ಅವರ ತಂಡ ಈ ಹಕ್ಕಿಯ ಹಿಂದೆ ಬಿದ್ದು ನೋಡಿತು. 2018ರಲ್ಲಿ ಬಂದ ಆ ಅಧ್ಯಯನದ ಪ್ರಕಾರ, ತೋಟದ ಹಸಿರಿನಲ್ಲಿ ಸ್ಥಳೀಯ ಗಿಡಗಳ ಪಾಲು ಶೇ 70ಕ್ಕಿಂತ ಕಡಿಮೆಯಾದರೆ ಅಲ್ಲಿ ಚಿಕಡೀ ಸಂಖ್ಯೆ ತನ್ನಷ್ಟಕ್ಕೆ ತಾನು ಉಳಿಯುವುದಿಲ್ಲ. ಹಾಗಾದರೆ ಹುಳ ಬೀಳದ ತೋಟ ಅಂದರೆ ಮರಿ ಹಸಿದಿರುವ ತೋಟ.

ಇನ್ನೊಂದು ಮಾತು ಹೇಳಲೇಬೇಕು, ಯಾಕೆಂದರೆ ಒಳ್ಳೆಯ ಮನಸ್ಸಿನಿಂದ ಮಾಡಿದ್ದೂ ಎಡವಟ್ಟಾಗುತ್ತದೆ. ನಮ್ಮ ಪ್ಲೇನ್ ಟೈಗರ್‌ಗೆ ದಾಯಾದಿ ಮೊನಾರ್ಕ್ ಚಿಟ್ಟೆ, ಚಳಿಗಾಲಕ್ಕೆ ಕೆನಡಾ, ಅಮೆರಿಕದ ಕಡೆಯಿಂದ ಮೆಕ್ಸಿಕೋದ ಬೆಟ್ಟಗಳಿಗೆ ಹಾರಿ ಹೋಗುತ್ತಲ್ಲ, ಅದೇ. ಅದರ ಮರಿ ತಿನ್ನುವುದು ಎಕ್ಕದ ನೆಂಟನಾದ ಮಿಲ್ಕ್‌ವೀಡ್ ಗಿಡಗಳನ್ನು ಮಾತ್ರ. ಮೊನಾರ್ಕ್ ಕಡಿಮೆಯಾಗುತ್ತಿದೆ ಅಂತ ಗೊತ್ತಾದಾಗ ಜನ ಉತ್ಸಾಹದಿಂದ ಮಿಲ್ಕ್‌ವೀಡ್ ನೆಟ್ಟರು. ಆದರೆ ನರ್ಸರಿಗಳಲ್ಲಿ ಸುಲಭವಾಗಿ ಸಿಗುತ್ತಿದ್ದದ್ದು ಕೆಂಪು-ಹಳದಿ ಹೂವಿನ, ಬಿಸಿ ನಾಡಿನ ಮಿಲ್ಕ್‌ವೀಡ್. ಅಮೆರಿಕದ ದಕ್ಷಿಣ ಭಾಗದಲ್ಲಿ ಅಲ್ಲಿನ ಗಿಡಗಳು ಚಳಿಗೆ ಒಣಗುತ್ತವೆ, ಇದು ಒಣಗುವುದಿಲ್ಲ. ಎಲೆ ಇದೆ ಅಂತ ಕೆಲವು ಚಿಟ್ಟೆಗಳು ವಲಸೆ ಬಿಟ್ಟು ಅಲ್ಲೇ ಉಳಿದವು. ಅದೇ ಎಲೆಗಳ ಮೇಲೆ ಒಂದು ಪರಾವಲಂಬಿ ರೋಗದ ಬೀಜಾಣು ಕೂಡುತ್ತಾ ಹೋಗಿ ಹೊಸ ಮರಿಗಳಿಗೂ ಅಂಟಿತು. ಗಿಡದ ಕುಲ ಒಂದೇ ಆದರೂ ಅದು ಆ ಜಾಗದ್ದಲ್ಲ. ಆದ್ದರಿಂದ ‘ಸ್ಥಳೀಯ’ ಅಂದರೆ ದೇಶದ ಹೆಸರು ನೋಡಿದರೆ ಸಾಲದು. ಒಂದೇ ದೇಶದಲ್ಲೂ ಮಳೆಕಾಡಿನ ಮರ ಒಣ ಬಯಲಿಗೆ ಹೊರಗಿನದೇ.

ಗುಲಾಬಿ, ಸೇವಂತಿಗೆ ಕಿತ್ತೊಗೆಯಿರಿ ಅಂತ ನಾನು ಹೇಳುತ್ತಿಲ್ಲ. ಹೊರಗಿನಿಂದ ಬಂದ ಗಿಡಗಳಲ್ಲಿ ಹೆಚ್ಚಿನವು ಕುಂಡದಲ್ಲಿ ತಮ್ಮ ಪಾಡಿಗೆ ಇರುತ್ತವೆ. ತೊಂದರೆ ಬೇಲಿ ದಾಟುವವುಗಳದ್ದು. ಲಂಟಾನ ನೋಡಿ. ಅಮೆರಿಕ ಖಂಡದ ಬಿಸಿ ಪ್ರದೇಶಗಳಿಂದ ಯುರೋಪಿನ ತೋಟಗಳಿಗೆ ಹೋಗಿ, ಅಲ್ಲಿಂದ ಅಲಂಕಾರದ ಗಿಡವಾಗಿಯೇ ಲೋಕ ಸುತ್ತಿದ್ದು ಅದು. ಅದರ ಹಣ್ಣು ಹಕ್ಕಿ ತಿನ್ನುತ್ತದಲ್ಲ, ಒಳ್ಳೆಯದೇ ಅಲ್ವಾ ಅಂತ ಒಬ್ಬರು ನನ್ನನ್ನು ಕೇಳಿದ್ದರು. ಹಕ್ಕಿ ತಿನ್ನುವುದರಿಂದಲೇ ಅದು ಕಾಡಿನೊಳಗೆ ಹೊಕ್ಕಿದ್ದು. ಜೀವವೈವಿಧ್ಯದ ಬಗ್ಗೆ ಸರ್ಕಾರಗಳಿಗೆ ವರದಿ ಕೊಡುವ ಐಪಿಬಿಇಎಸ್ ಅನ್ನೋ ಅಂತರರಾಷ್ಟ್ರೀಯ ವೇದಿಕೆ 2023ರಲ್ಲಿ ಕೊಟ್ಟ ವರದಿ ಪ್ರಕಾರ ಮನುಷ್ಯರು ಹೊಸ ಜಾಗಗಳಿಗೆ ಒಯ್ದ ಜೀವಿಜಾತಿಗಳು 37,000ಕ್ಕೂ ಜಾಸ್ತಿ, ಅದರಲ್ಲಿ ಹಾನಿ ಮಾಡುತ್ತಿರುವವು 3,500ಕ್ಕೂ ಜಾಸ್ತಿ. ದಾಖಲಾದ ಅಳಿವುಗಳಲ್ಲಿ ಶೇ 60ರಲ್ಲಿ ಇಂಥ ಜೀವಿಗಳ ಪಾತ್ರ ಇದೆ.

ನಾಡಿನ ಗಿಡ ಬೇಕು ಅಂತ ಕಾಡಿಗೆ ಗುದ್ದಲಿ ಹಿಡಿದು ಹೋಗುವುದು ಇನ್ನೂ ಕೆಟ್ಟದ್ದು. ಕಿತ್ತು ತಂದ ಗಿಡ ಬಹಳ ಸಲ ಬದುಕುವುದಿಲ್ಲ, ಕಾಡಿಗೂ ನಷ್ಟ. ಅನುಮತಿ ಇರುವ ಕಡೆ ಬೀಜ ತನ್ನಿ, ಅದೂ ಸ್ವಲ್ಪವೇ. ಬೀಜ ಬ್ಯಾಂಕುಗಳಿಗೆ ಸಂಗ್ರಹಿಸುವವರೇ ಒಂದು ಜಾಗದಲ್ಲಿ ಮಾಗಿದ ಬೀಜದ ಐದನೇ ಒಂದು ಪಾಲಿಗಿಂತ ಜಾಸ್ತಿ ಮುಟ್ಟುವುದಿಲ್ಲ. ಮನೆ ತೋಟಕ್ಕೆ ಒಂದು ಹಿಡಿ ಕೂಡ ಹೆಚ್ಚಾಯಿತು. ಮೊಳಕೆ ತಡವಾದರೆ ಬೀಜ ಸತ್ತಿತು ಅಂತ ಎಸೆಯಬೇಡಿ, ಕಾಡು ಗಿಡಗಳ ಬೀಜ ಎಷ್ಟೋ ಸಲ ತಿಂಗಳುಗಟ್ಟಲೆ ಮಲಗಿರುತ್ತದೆ. ಗಟ್ಟಿ ಸಿಪ್ಪೆಯದಾದರೆ ಮರಳುಕಾಗದಕ್ಕೆ ಸ್ವಲ್ಪ ಉಜ್ಜಿ ಒಂದು ರಾತ್ರಿ ನೆನೆಸಿ.

ಸ್ಥಳೀಯ ಗಿಡಕ್ಕೆ ನೀರೇ ಬೇಡ ಅನ್ನುವುದೂ ತಪ್ಪು. ಬೇರು ಇಳಿಯುವ ತನಕ, ಅಂದರೆ ಮೊದಲ ವರ್ಷವಿಡೀ, ಬೇಕೇ ಬೇಕು. ಹಾಗೇ, ಪಕಳೆ ಮೇಲೆ ಪಕಳೆ ತುಂಬಿದ ತಳಿಗಿಂತ ಸಾದಾ ಒಂಟಿ ಸುತ್ತಿನ ಹೂವೇ ಇರಲಿ. ತುಂಬಿದ ಹೂಗಳಲ್ಲಿ ಕೇಸರಗಳೇ ಪಕಳೆಯಾಗಿರುತ್ತವೆ, ಜೇನಿಗೆ ಸಿಗುವುದು ಕಡಿಮೆ. ಒಂದು ಮೊಳ ಮಣ್ಣನ್ನಾದರೂ ಸಿಮೆಂಟು ಹಾಕದೆ, ಗುಡಿಸದೆ ಹಾಗೇ ಬಿಡಿ. ಜೇನ್ನೊಣ ಮತ್ತು ಅದರ ಬಳಗದ ಜಾತಿಗಳು ಲೋಕದಲ್ಲಿ 20,000ದಷ್ಟಿವೆ, ಅದರಲ್ಲಿ ಬಹುಪಾಲು ಗೂಡು ಮಾಡುವುದು ನೆಲದೊಳಗೆ.

ಸಂಪಾದಕರೇ, ನನ್ನ ಕೋರಿಕೆ ಚಿಕ್ಕದು. ಅಂಕಣದಲ್ಲಿ ಯಾವ ಗಿಡದ ಬಗ್ಗೆ ಬರೆದರೂ ಅದರ ಮೂಲ ನೆಲ ಯಾವುದು, ಅದರ ಎಲೆಯನ್ನು ಯಾರು ತಿನ್ನುತ್ತಾರೆ ಅಂತ ಎರಡು ಸಾಲು ಸೇರಿಸಿ. ಓದುಗರು ನರ್ಸರಿಗೆ ಹೋದಾಗ ಅದೇ ಎರಡು ಪ್ರಶ್ನೆ ಕೇಳಲಿ. ಎಕ್ಕದಿಂದಲೇ ಶುರು ಮಾಡುವುದಾದರೆ ಫೋಟೊ ನಾನು ಕೊಡುತ್ತೇನೆ. ಎಲೆಯೆಲ್ಲ ತೂತಾಗಿದೆ, ಹಾಗೇ ಹಾಕಿ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು