ನೀನು ನೋಡಿದ್ದನ್ನು ಬರೆದು ಕಳಿಸು

ಗೆಳೆಯಾ,

ಮೊನ್ನೆ ಫೋನಿನಲ್ಲಿ ಅರ್ಧ ಹೇಳಿ ನಿಲ್ಲಿಸಿಬಿಟ್ಟೆ. ಅವ್ವ ಪಕ್ಕದಲ್ಲೇ ಕೂತಿದ್ದಳು, ಅದಕ್ಕೆ. ಈಗ ಪೂರ್ತಿ ಬರೆಯುತ್ತೇನೆ, ನಿಧಾನವಾಗಿ ಓದು. ನಿನ್ನಿಂದ ಒಂದು ಕೆಲಸ ಆಗಬೇಕಿದೆ. ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿರುವುದು ಯಾಕೆಂದರೆ, ನಮ್ಮ ಜೊತೆ ಕಬಡ್ಡಿ ಆಡಿದ ಹುಡುಗರು ಈಗ ಎಲ್ಲೆಲ್ಲೋ ಇದ್ದಾರೆ. ಅವರಲ್ಲಿ ಯಾರಿಗಾದರೂ ಹೀಗೇ ಆಗುತ್ತಿರಬಹುದು.

ಕಳೆದ ಜೂನ್‌ನಲ್ಲಿ ಶಾಲೆಯ ಮೈದಾನದಲ್ಲಿ ಎಂಟನೇ ಕ್ಲಾಸಿನ ಮಕ್ಕಳನ್ನು ಆಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ಆಲೆಮನೆಯಲ್ಲಿ ಪಾಕ ಸೀದಾಗ ಬರುತ್ತದಲ್ಲ, ಆ ವಾಸನೆ ಬಂತು. ಸುತ್ತ ಎಲ್ಲೂ ಆಲೆಮನೆ ಇಲ್ಲ. ಹೊಟ್ಟೆಯೊಳಗಿಂದ ಏನೋ ಎದ್ದು ಎದೆಯವರೆಗೂ ಬಂತು. ಜಾತ್ರೆಯ ತೊಟ್ಟಿಲು ಮೇಲಿಂದ ಇಳಿಯುವಾಗ ಆಗುವಂತೆ. ಅದಾದ ಮೇಲೆ ನನಗೆ ನೆನಪಿರುವುದು ಮಕ್ಕಳ ಮುಖ. ಎಲ್ಲರೂ ಆಟ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. "ಸರ್, ಎಷ್ಟು ಸಲ ಕರೆದ್ವಿ, ನೀವು ಮಾತೇ ಆಡ್ಲಿಲ್ಲ" ಅಂದಳು ಒಬ್ಬಳು. ಬಾಯಲ್ಲಿದ್ದ ಸೀಟಿ ಕತ್ತಿನ ದಾರದಲ್ಲಿ ನೇತಾಡುತ್ತಿತ್ತು. ಅದು ಯಾವಾಗ ಜಾರಿತೋ ಗೊತ್ತಿಲ್ಲ.

ಅದೇ ಮೊದಲಲ್ಲವಂತೆ. ಮನೆಗೆ ಬಂದು ಹೇಳಿದಾಗ ಹೆಂಡತಿ ಗಾಬರಿಯಾಗಲಿಲ್ಲ, ಅತ್ತಳು. ಎರಡು ಮೂರು ಸಲ ಊಟದ ಹೊತ್ತಲ್ಲಿ ಹಾಗೇ ನಿಂತುಹೋಗಿದ್ದೆನಂತೆ. ಮುದ್ದೆ ಕೈಯಲ್ಲೇ ಇದೆ, ಬರಿಬಾಯಿ ಜಗಿಯುತ್ತಿದ್ದೇನೆ, ಇನ್ನೊಂದು ಕೈಯಲ್ಲಿ ಅಂಗಿಯ ಗುಂಡಿ ತಡಕಾಡುತ್ತಿದ್ದೇನೆ. ಕರೆದರೆ ತಿರುಗಿ ನೋಡಲಿಲ್ಲ. ನಾನು ಕೋಪ ಮಾಡಿಕೊಂಡು ಮಾತು ಬಿಟ್ಟಿದ್ದೇನೆ ಅಂದುಕೊಂಡು ಅವಳೂ ಸುಮ್ಮನಾಗಿದ್ದಳು. ಇದನ್ನು ಕೇಳಿದಾಗ ನನಗಾದ ಸಂಕಟ ಹೇಗೆ ಹೇಳಲಿ.

ಆಮೇಲೆ ಶುರುವಾಯಿತು ಅಲೆದಾಟ. ಒಬ್ಬರು ಗ್ಯಾಸ್ಟ್ರಿಕ್ ಅಂದರು. ಇನ್ನೊಬ್ಬರು ಟೆನ್ಷನ್ ಅಂತ ನಿದ್ದೆ ಮಾತ್ರೆ ಬರೆದರು. ಮತ್ತೊಂದು ಕಡೆ ಸ್ಕ್ಯಾನ್ ಮಾಡಿಸಿ "ಎಲ್ಲ ನಾರ್ಮಲ್ ಇದೆ, ಹೋಗಿ" ಅಂದರು. ನಾನು ಫಿಟ್ಸ್ ಇರಬಹುದಾ ಅಂತ ಕೇಳಿದೆ. "ಬಿದ್ದು ಕೈಕಾಲು ಒದರಲಿಲ್ಲವಲ್ಲ, ಮತ್ತೆ ಹೇಗೆ ಫಿಟ್ಸ್?" ಎಂದು ವಾಪಸ್ ಕಳಿಸಿದರು. ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವುದು ಆ ಒಂದು ಬಗೆ ಮಾತ್ರ. ಮಿದುಳಿನ ಒಂದು ಮೂಲೆಯಲ್ಲೇ ಎದ್ದು, ಒಂದೆರಡು ನಿಮಿಷ ಎಚ್ಚರ ತಪ್ಪಿಸಿ ಹೋಗುವ ಬಗೆಯೂ ಇದೆ. ಕಣ್ಣು ತೆರೆದೇ ಇರುತ್ತದೆ. ಮನುಷ್ಯ ನಿಂತೇ ಇರಬಹುದು.

ಕೊನೆಗೆ ಸಿಕ್ಕ ನರರೋಗ ವೈದ್ಯರು ಮುಕ್ಕಾಲು ಗಂಟೆ ಬರೀ ಪ್ರಶ್ನೆ ಕೇಳಿದರು. ಚಿಕ್ಕಂದಿನಲ್ಲಿ ಜ್ವರ ಬಂದಾಗ ಫಿಟ್ಸ್ ಬಂದಿತ್ತಾ? ಮನೆಯಲ್ಲಿ ಯಾರಿಗಾದರೂ ಇದೆಯಾ? ತಲೆಗೆ ಬಿಸಿನೀರು ಹುಯ್ದುಕೊಳ್ಳುವಾಗ ಯಾವತ್ತಾದರೂ ಹೀಗಾಗಿದೆಯಾ? ಬಿಸಿನೀರಿನ ಪ್ರಶ್ನೆ ನನಗೆ ವಿಚಿತ್ರ ಅನಿಸಿತು. ನಮ್ಮ ದಕ್ಷಿಣ ಕರ್ನಾಟಕದ ಕಡೆ ಅದರಿಂದಲೇ ಬರುವ ಒಂದು ಬಗೆಯ ಮೂರ್ಛೆ ಬೇರೆ ಕಡೆಗಿಂತ ಜಾಸ್ತಿ ಕಂಡುಬರುತ್ತದಂತೆ. ನಿಮ್ಹಾನ್ಸ್‌ನವರು ಅದರ ಬಗ್ಗೆ ತುಂಬಾ ಕೆಲಸ ಮಾಡಿದ್ದಾರೆ. ನನಗೆ ಹಾಗೇನೂ ಆಗಿಲ್ಲ.

ಆಮೇಲೆ ಕೇಳಿದ್ದು, "ತಲೆಗೆ ಎಷ್ಟು ಸಲ ಪೆಟ್ಟು ಬಿದ್ದಿದೆ?"

ಲೆಕ್ಕ ಹಾಕುತ್ತಾ ಕೂತೆ ಕಣೋ. 2008ರ ಕಾಲೇಜು ಟೂರ್ನಿ. ನಾನು ರೈಡಿಗೆ ಹೋಗಿದ್ದೆ, ಲೆಫ್ಟ್ ಕಾರ್ನರ್‌ನವನು ಕಾಲು ಹಿಡಿದ, ಬೀಳುವಾಗ ಇನ್ನೊಬ್ಬನ ಮಂಡಿ ಕಿವಿಯ ಮೇಲೆ ಬಡಿಯಿತು. ಅದು ನೆನಪಿದೆ. ಮ್ಯಾಚ್ ಗೆದ್ದದ್ದು ನೆನಪಿಲ್ಲ. ಅದಾಗಿ ಒಂದು ತಿಂಗಳೂ ಆಗಿರಲಿಲ್ಲ, ಪ್ರಾಕ್ಟೀಸಿನಲ್ಲಿ ಹಿಂದಲೆ ನೆಲಕ್ಕೆ ಬಡಿಯಿತು, ರಾತ್ರಿಯೆಲ್ಲಾ ವಾಂತಿ. ಅದಾದ ವರ್ಷ ಇನ್ನೊಂದು. ನಾಲ್ಕು ವರ್ಷದ ಹಿಂದೆ ಹಂಪ್ ಕಾಣದೆ ಸ್ಕೂಟರಿನಿಂದ ಬಿದ್ದೆ. ಹೆಲ್ಮೆಟ್ ಇತ್ತು, ಆದರೂ ವಾರವಿಡೀ ಬೆಳಕು ನೋಡಲಾಗುತ್ತಿರಲಿಲ್ಲ. ಎಷ್ಟು ಹೊತ್ತು ಪ್ರಜ್ಞೆ ಇರಲಿಲ್ಲ, ಎಷ್ಟು ಹೊತ್ತಿನ ನೆನಪು ಹೋಗಿದೆ ಅಂತ ಡಾಕ್ಟರು ಕೇಳಿದರು. ಅದನ್ನು ನಾನು ಹೇಗೆ ಹೇಳಲಿ? ಅದು ಗೊತ್ತಿರುವುದು ನಿನಗೆ.

2008ರಲ್ಲಿ ಹತ್ತೇ ನಿಮಿಷಕ್ಕೆ ನನ್ನನ್ನು ಮತ್ತೆ ಒಳಗೆ ಕಳಿಸಿದ್ದು ನೀನು. ಫೋನಿನಲ್ಲಿ ನೀನು ಅದನ್ನೇ ಹಿಡಿದುಕೊಂಡು ಬೇಜಾರು ಮಾಡಿಕೊಂಡೆ. ಬೇಡ. ಕ್ಯಾಪ್ಟನ್ ಆಗಿ ನೀನು ಕೇಳಿದೆ, ನಾನು ಆಡುತ್ತೇನೆ ಅಂದೆ. ನಮ್ಮ ಕೋಚ್‌ಗೂ ಗೊತ್ತಿರಲಿಲ್ಲ. 2019ರಲ್ಲಿ ಲಾರ್ಡ್ಸ್ ಟೆಸ್ಟ್ ನೋಡಿದ್ದೆವಲ್ಲ? ಆರ್ಚರ್ ಎಸೆದ ಚೆಂಡು ಸ್ಟೀವ್ ಸ್ಮಿತ್ ಕತ್ತಿಗೆ ಬಡಿಯಿತು. ಅಷ್ಟು ದೊಡ್ಡ ತಂಡದ ಡಾಕ್ಟರುಗಳು ಪರೀಕ್ಷೆ ಮಾಡಿದ ಮೇಲೂ ಅವನು ಅವತ್ತೇ ಮತ್ತೆ ಬ್ಯಾಟಿಂಗ್‌ಗೆ ಬಂದ. ಮಿದುಳಿಗೆ ಪೆಟ್ಟಾದ ಲಕ್ಷಣ ಕಂಡಿದ್ದು ಮಾರನೇ ದಿನ. ಅವನ ಬದಲು ಲಬುಶೇನ್ ಆಡಿದ. ಹಾಗೆ ಬದಲಿ ಆಟಗಾರನನ್ನು ಇಳಿಸುವ ನಿಯಮ ಬಂದಿದ್ದೇ ಆ ತಿಂಗಳು. ಇನ್ನು 2008ರಲ್ಲಿ ನಮ್ಮ ಮಣ್ಣಿನ ಅಂಕಣದಲ್ಲಿ ಯಾರಿಗೆ ಏನು ಗೊತ್ತಿರಬೇಕಿತ್ತು ಹೇಳು. ಈಗ ನನಗೆ ಗೊತ್ತು. ನನ್ನ ಮಕ್ಕಳಲ್ಲಿ ಯಾರ ತಲೆಗೆ ಪೆಟ್ಟು ಬಿದ್ದರೂ ಅವತ್ತಿಗೆ ಅವರ ಆಟ ಮುಗಿಯಿತು. ಎಷ್ಟು ಅತ್ತರೂ ಬಿಡುವುದಿಲ್ಲ.

ಆ ಪೆಟ್ಟುಗಳಿಂದಲೇ ಇದು ಬಂತಾ ಅಂತ ಕೇಳಿದೆ. ಡಾಕ್ಟರು ಹೌದು ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಡೆನ್ಮಾರ್ಕಿನಲ್ಲಿ 16 ಲಕ್ಷ ಮಕ್ಕಳು ಮತ್ತು ಯುವಕರ ದಾಖಲೆ ಇಟ್ಟುಕೊಂಡು ನೋಡಿದ್ದಾರಂತೆ, 2009ರಲ್ಲಿ ಪ್ರಕಟವಾಗಿದೆ. ಸಣ್ಣ ಪೆಟ್ಟು ಬಿದ್ದವರಲ್ಲೂ ಮೂರ್ಛೆ ರೋಗದ ಸಾಧ್ಯತೆ ಸುಮಾರು ಎರಡು ಪಟ್ಟು. ಹತ್ತು ವರ್ಷ ದಾಟಿದ ಮೇಲೂ ಸ್ವಲ್ಪ ಜಾಸ್ತಿಯೇ ಇರುತ್ತದೆ. ಆದರೆ ಮೊದಲೇ ಚಿಕ್ಕದಾದ ಸಾಧ್ಯತೆ ಎರಡು ಪಟ್ಟಾದರೂ ಚಿಕ್ಕದೇ, ತಲೆಗೆ ಪೆಟ್ಟು ಬಿದ್ದ ಬಹುಪಾಲು ಜನರಿಗೆ ಏನೂ ಆಗುವುದಿಲ್ಲ ಅಂದರು. ತಲೆಸುತ್ತು, ಹೃದಯದ ಬಡಿತದ ತೊಂದರೆ, ಮೈಗ್ರೇನ್, ವಿಪರೀತ ಗಾಬರಿ, ಇವೂ ಹೀಗೇ ಕಾಣಬಹುದಂತೆ. ಅದಕ್ಕೆ ಇಸಿಜಿಯೂ ಆಯಿತು.

ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ, ಇಇಜಿ, ಒಂದು ಸಲ ಆಗಿದೆ. ಎಣ್ಣೆ ಹಚ್ಚದೆ, ತಲೆ ತೊಳೆದುಕೊಂಡು ಬರಲು ಹೇಳಿದ್ದರು. ಅಂಟು ಹಚ್ಚಿ ತಲೆ ತುಂಬಾ ವೈರು ಕೂರಿಸಿದರು. ಕಣ್ಣೆದುರು ಬೆಳಕು ಮಿಣುಕಿಸಿದರು. ಮೂರು ನಿಮಿಷ ಜೋರಾಗಿ ಉಸಿರು ಎಳೆದು ಬಿಡಿಸಿದರು. ನೋವೇನೂ ಇಲ್ಲ. ಅರ್ಧ ಗಂಟೆಯಲ್ಲಿ ಮುಗಿಯಿತು, ರಿಪೋರ್ಟ್ ನಾರ್ಮಲ್. ನಾನು ಕುಸಿದುಹೋದೆ. ಕಾಯಿಲೆ ಬೇಕು ಅಂತಲ್ಲ ಕಣೋ. ಮತ್ತೆ ಯಾರೂ ನಂಬುವುದಿಲ್ಲವಲ್ಲ ಅಂತ. ಡಾಕ್ಟರೇ ಸಮಾಧಾನ ಹೇಳಿದರು. ಕಾಯಿಲೆ ಇರುವವರಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಮೊದಲ ಇಇಜಿಯಲ್ಲಿ ಏನೂ ಸಿಗುವುದಿಲ್ಲವಂತೆ. ರಂಗನತಿಟ್ಟಿನ ದಡದಲ್ಲಿ ಅರ್ಧ ಗಂಟೆ ಕೂತು ಮೊಸಳೆ ಕಾಣಲಿಲ್ಲ ಅಂದರೆ ಹೊಳೆಯಲ್ಲಿ ಮೊಸಳೆಯೇ ಇಲ್ಲ ಅನ್ನಲಾಗುತ್ತಾ? ಈಗ ರಾತ್ರಿ ನಿದ್ದೆಗೆಟ್ಟು ಬಂದು ಮಾಡಿಸುವ ಇಇಜಿಗೆ ನಿಮ್ಹಾನ್ಸ್‌ಗೆ ಬರೆದುಕೊಟ್ಟಿದ್ದಾರೆ. ಅದರಲ್ಲೂ ಸಿಗದಿದ್ದರೆ ಕೆಲವು ದಿನ ಅಲ್ಲೇ ಇಟ್ಟುಕೊಂಡು ಕ್ಯಾಮೆರಾ ಹಾಕಿ ನೋಡುತ್ತಾರಂತೆ.

ಅವ್ವ ಮಾತ್ರ ಯಾರಿಗೂ ಹೇಳಬೇಡ ಅನ್ನುತ್ತಾಳೆ. ಅವಳ ಭಯ ಅವಳದು. ಮೂರ್ಛೆ ಇತ್ತು ಅಂತ ಮದುವೆಯನ್ನೇ ರದ್ದು ಮಾಡಿಸಬಹುದಾದ ಸಾಲು ಹಿಂದೂ ವಿವಾಹ ಕಾಯ್ದೆಯಲ್ಲಿ 1999ರವರೆಗೂ ಇತ್ತು. ಈಗಿಲ್ಲ. ಮೊನ್ನೆ ನನಗೆ ಬಂದಾಗ ಅವ್ವ ಓಡಿ ಬಂದು ಕೈಗೆ ಬೀಗದ ಕೈ ಇಟ್ಟಳಂತೆ. ಕಬ್ಬಿಣದಿಂದ ಏನೂ ಆಗುವುದಿಲ್ಲ, ಬಿದ್ದರೆ ಮಗ್ಗುಲಿಗೆ ತಿರುಗಿಸು, ಬಾಯಿಗೆ ಏನೂ ಹಾಕಬೇಡ, ಗಡಿಯಾರ ನೋಡು, 5 ನಿಮಿಷ ದಾಟಿದರೆ ಆಸ್ಪತ್ರೆಗೆ ಕರೆದುಕೊಂಡು ಹೋಗು ಅಂತ ಕೂರಿಸಿಕೊಂಡು ಹೇಳಿದೆ. ಎರಡು ಸಲ ಹೇಳಿಸಿಕೊಂಡಳು.

ಸ್ಕೂಟರ್ ಬಿಟ್ಟಿದ್ದೇನೆ. ಮೂರ್ಛೆ ಇದೆಯಾ ಅನ್ನುವ ಪ್ರಶ್ನೆ ಲೈಸೆನ್ಸಿನ ಫಾರಂನಲ್ಲೇ ಇದೆ. ಆದರೆ ನಾನು ಬಿಟ್ಟಿದ್ದು ಶಾಲೆ ಬಿಡುವ ಹೊತ್ತಿನ ರಸ್ತೆ ನೆನೆಸಿಕೊಂಡು. ಬಸ್ಸಿಗೆ ಹೋಗುತ್ತೇನೆ. ಬಾವಿ, ಕೆರೆ ಕಡೆಗೂ ಒಬ್ಬನೇ ಹೋಗುತ್ತಿಲ್ಲ.

ಈಗ ನಿನ್ನ ಕೆಲಸ. "ಯಂತ್ರಕ್ಕಿಂತ ನೋಡಿದವರ ಮಾತು ನನಗೆ ಮುಖ್ಯ, ಅವರನ್ನು ಕರೆದುಕೊಂಡು ಬನ್ನಿ" ಅಂದಿದ್ದಾರೆ ಡಾಕ್ಟರು. ಇನ್ನೊಮ್ಮೆ ಬಂದರೆ ವಿಡಿಯೋ ಮಾಡಲು ಹೆಂಡತಿಗೆ ಹೇಳಿದ್ದೇನೆ. ನಿನ್ನ ಮದುವೆಯ ಹಿಂದಿನ ರಾತ್ರಿ ಛತ್ರದ ಮೆಟ್ಟಿಲ ಮೇಲೆ ನೀನು ಕರೆದರೂ ನಾನು ಓಗೊಡದೆ ಕೂತಿದ್ದೆ ಅಂತ ಆಗ ನೀನೇ ರೇಗಿಸಿದ್ದೆ. ಅವತ್ತು ನನ್ನ ಕಣ್ಣು ತೆರೆದಿತ್ತಾ? ತಲೆ ಯಾವ ಕಡೆ ತಿರುಗಿತ್ತು? ಯಾವ ಕೈ ಆಡುತ್ತಿತ್ತು, ಯಾವುದು ಸೆಟೆದಿತ್ತು? ಅದರಿಂದ ಮಿದುಳಿನ ಯಾವ ಭಾಗ ಅಂತ ಅವರಿಗೆ ಅಂದಾಜು ಸಿಗುತ್ತದೆ. ಎಷ್ಟು ಹೊತ್ತು ಇತ್ತು? ಆಮೇಲೆ ನಾನು ಸರಿಯಾಗಿ ಮಾತಾಡಿದೆನಾ? 2008ರದ್ದೂ ಬರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಬರೆ.

18ನೇ ತಾರೀಕು ಬೆಳಗ್ಗೆ ಹೋಗಬೇಕು. 17ರ ರಾತ್ರಿ ನಾನು ಮಲಗುವಂತಿಲ್ಲ. ನಿದ್ದೆಗೆಟ್ಟಾಗ ಬರುವ ಸಾಧ್ಯತೆ ಜಾಸ್ತಿ, ಒಬ್ಬನೇ ಇರಬೇಡಿ ಅಂದಿದ್ದಾರೆ. ಸಂಜೆ ರೈಲಿಗೆ ಹೆಂಡತಿ ಜೊತೆ ನಿಮ್ಮ ಮನೆಗೆ ಬರುತ್ತೇನೆ. ಅವಳು ಮಲಗಲಿ. ನೀನು ನನ್ನ ಜೊತೆ ಎದ್ದಿರು. ಆ ಮ್ಯಾಚ್ ನಾವು ಹೇಗೆ ಗೆದ್ದೆವು ಅಂತ ಮೊದಲಿಂದ ಹೇಳು.