ಆಟೋ ಅಣ್ಣನಿಗೆ ನಮ್ಮ ಥ್ಯಾಂಕ್ಸ್
ಶನಿವಾರ ಸಂಜೆ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನಮ್ಮನ್ನು ಇಳಿಸಿದ ಆಟೋ ಅಣ್ಣ, ಈ ಮಾತು ನಿಮಗೆ. ನಾವು ಸೀಟಿನ ಮೇಲೆ ಮರೆತ ಚೀಲದಲ್ಲಿ ನಮ್ಮ ಕಾಲೇಜು ಬಾಸ್ಕೆಟ್‌ಬಾಲ್ ಟೀಮಿನ ಹಳೇ ಕೋಚ್‌ಗಳ ಫೋಟೋಗಳಿದ್ದವು. ಬೇರೆ ಪ್ರತಿ ಎಲ್ಲೂ ಇಲ್ಲ.

ಅದರಲ್ಲೊಂದು ಫೋಟೋದಲ್ಲಿ ಸೀಟಿ ಹಿಡಿದು ನಿಂತವರು ಟೀಮಿನ ಮೊದಲ ಕೋಚ್, ನಮ್ಮ ಸರ್. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಅಲ್ವಾ? ಅದಕ್ಕೇ ನಸುಕಿನಲ್ಲೇ ಹುಡುಗರನ್ನು ಕರೆಸುತ್ತಿದ್ದರು. ಬುಟ್ಟಿಯ ಹಿಂದಿನ ಬೋರ್ಡಿನಿಂದ 4.6 ಮೀಟರ್ ದೂರದ ಫ್ರೀ ಥ್ರೋ (ಯಾರ ಅಡ್ಡಿಯೂ ಇಲ್ಲದೆ ಬುಟ್ಟಿಗೆ ಚೆಂಡು ಎಸೆಯುವ) ಗೆರೆಯ ಹಿಂದೆ ನಿಲ್ಲಿಸಿ, 'ಮೊಣಕಾಲು ಬಗ್ಗಿಸ್ರಿ, ಮೊಣಕೈ ಚೆಂಡಿನ ಕೆಳಗಿರಲಿ' ಅಂತ ಹೇಳಿದ್ದನ್ನೇ ಹೇಳುತ್ತಿದ್ದರು. ನಾವು ಆಡಿದವರಲ್ಲ, ಗೆರೆಯಾಚೆ ನಿಂತು ಕೂಗಿದವರು. ಆದರೂ ಆ ದನಿ ಇನ್ನೂ ಕಿವಿಯಲ್ಲಿದೆ.

ಅರ್ಧ ಗಂಟೆಯಲ್ಲಿ ನೀವು, ನಾವು ಹೋಗಿದ್ದ ಫೋಟೋ ಫ್ರೇಮ್ ಅಂಗಡಿಗೇ ಚೀಲ ಹಿಡಿದು ಹುಡುಕಿಕೊಂಡು ಬಂದಿರಿ. ಹಣ ಬೇಡ ಎಂದಿರಿ, ಚಹಾನೂ ಕುಡಿಯಲಿಲ್ಲ. ಗಡಿಬಿಡಿಯಲ್ಲಿ ಹೆಸರು ಕೇಳಲಾಗಲಿಲ್ಲ. ತುಂಬಾ ಥ್ಯಾಂಕ್ಸ್, ಅಣ್ಣ.