ಹಣ ಪಡೆದ ಲಿಂಕ್‌ಗೆ ಗುರುತು ಇರಲಿ

ಮಾನ್ಯ ಸಂಪಾದಕರೇ,

ದಾವಣಗೆರೆಯ ಮಂಡಿಪೇಟೆ, ಪಿ.ಬಿ. ರಸ್ತೆಯ ವ್ಯಾಪಾರಸ್ಥರಿಗೆ ಈಚೆಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ದರಪಟ್ಟಿ ಬರುತ್ತಿದೆ. ಇಂತಿಷ್ಟು ಹಣ ಕೊಟ್ಟರೆ ಕನ್ನಡ ಸುದ್ದಿತಾಣದಲ್ಲಿ ನಿಮ್ಮ ಅಂಗಡಿಯ ಬಗ್ಗೆ ಲೇಖನ ಹಾಕಿಸಿ, ಅದರೊಳಗೆ ‘ಡುಫಾಲೋ’ ಲಿಂಕ್ ಕೊಡಿಸುತ್ತೇವೆ, ಗೂಗಲ್‌ನಲ್ಲಿ ನೀವೇ ಮೇಲೆ ಬರುತ್ತೀರಿ ಎಂಬುದು ಅದರ ಸಾರ. ಅಂಗಡಿ, ಕೋಚಿಂಗ್ ಸೆಂಟರುಗಳ ವೆಬ್‌ಸೈಟ್ ನೋಡಿಕೊಳ್ಳುವುದು ನನ್ನ ಕೆಲಸವಾದ್ದರಿಂದ ‘ಇದನ್ನು ತಗೊಳ್ಳೋಣ್ವಾ?’ ಎಂದು ಕೇಳುವವರಿಗೆ ಉತ್ತರ ಹೇಳಬೇಕಾಗುತ್ತದೆ. ಆ ಉತ್ತರದ ಅರ್ಧ ಭಾಗ ಪತ್ರಿಕೆಗಳ ಕೈಯಲ್ಲಿರುವುದರಿಂದ ಈ ಪತ್ರ.

‘ಡುಫಾಲೋ’ ಎಂಬ ಗುರುತೇ ವೆಬ್‌ಪುಟದ ಕೋಡ್‌ನಲ್ಲಿ ಇಲ್ಲ. ಯಾವ ಗುರುತೂ ಇಲ್ಲದ ಸಾಮಾನ್ಯ ಲಿಂಕ್‌ಗೇ ಏಜೆಂಟರು ಆ ಹೆಸರಿಟ್ಟು ಮಾರುತ್ತಾರೆ. ಇರುವುದು ‘ನೋಫಾಲೋ’ ಎಂಬ, ಲಿಂಕ್‌ನ ಕೋಡ್‌ಗೆ ಸೇರಿಸುವ ಗುರುತು. ಓದುಗ ಒತ್ತಿದರೆ ಪುಟ ಎಂದಿನಂತೆ ತೆರೆಯುತ್ತದೆ, ಆದರೆ ಆ ಪುಟಕ್ಕೆ ನಮ್ಮ ಶಿಫಾರಸು ಇಲ್ಲ ಎಂದು ಸರ್ಚ್ ಎಂಜಿನ್‌ಗೆ ಅದು ತಿಳಿಸುತ್ತದೆ. ಒಂದು ಪುಟದ ತೂಕವನ್ನು ಅದಕ್ಕೆ ಬೇರೆಯವರು ಕೊಟ್ಟ ಲಿಂಕ್‌ಗಳಿಂದ ಅಳೆಯುವ ಪದ್ಧತಿಯನ್ನು ಗೂಗಲ್ ಜನಪ್ರಿಯಗೊಳಿಸಿದ ಮೇಲೆ ಬ್ಲಾಗುಗಳ ಪ್ರತಿಕ್ರಿಯೆ ಅಂಕಣಗಳಲ್ಲಿ ಕಂಡಕಂಡ ಲಿಂಕ್‌ಗಳನ್ನು ಸುರಿಯುವುದು ಶುರುವಾಯಿತು. ಅದನ್ನು ತಡೆಯಲು 2005ರ ಜನವರಿಯಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್‌ನ ಎಂಎಸ್‌ಎನ್ ಮೂರೂ ಸೇರಿ ಈ ಗುರುತನ್ನು ಒಪ್ಪಿಕೊಂಡವು. 2019ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಇನ್ನೆರಡು ಗುರುತುಗಳನ್ನು ತಂದಿತು: ಹಣ ಪಡೆದ ಲಿಂಕ್‌ಗೆ ‘ಸ್ಪಾನ್ಸರ್ಡ್’, ಬಳಕೆದಾರರು ಬರೆದದ್ದಕ್ಕೆ ‘ಯುಜಿಸಿ’ (ಯೂಸರ್ ಜನರೇಟೆಡ್ ಕಂಟೆಂಟ್). ಇವೆಲ್ಲ ಆಜ್ಞೆಗಳಲ್ಲ, ಸೂಚನೆಗಳು ಮಾತ್ರ ಎಂದೂ ಆಗಲೇ ಹೇಳಿತು.

ರ‍್ಯಾಂಕಿಂಗ್‌ಗಾಗಿ ಲಿಂಕ್ ಕೊಳ್ಳುವುದು, ಮಾರುವುದು ಎರಡೂ ಗೂಗಲ್‌ನ ನಿಯಮದ ಪ್ರಕಾರ ಸ್ಪ್ಯಾಮ್, ಅಂದರೆ ಹುಡುಕಾಟವನ್ನು ದಾರಿತಪ್ಪಿಸುವ ಮೋಸ. ಸಿಕ್ಕಿಬಿದ್ದ ಲಿಂಕ್‌ನ ಬೆಲೆ ಸೊನ್ನೆಯಾಗಬಹುದು, ಇಲ್ಲವೇ ಕೊಂಡವನ ತಾಣ, ಮಾರಿದವನ ತಾಣ ಎರಡೂ ಹಿಂದಕ್ಕೆ ಹೋಗಬಹುದು. ಹಣ ಕೊಟ್ಟ ಅಂಗಡಿಯವನಿಗೆ ಇದ್ಯಾವುದೂ ಗೊತ್ತಿರುವುದಿಲ್ಲ; ಏಜೆಂಟ್ ಅಷ್ಟರಲ್ಲಿ ನಂಬರ್ ಬದಲಾಯಿಸಿರುತ್ತಾನೆ. ಅದೇ ಲಿಂಕ್‌ಗೆ ಸ್ಪಾನ್ಸರ್ಡ್ ಗುರುತಿದ್ದರೆ ನಿಯಮಭಂಗವೂ ಇಲ್ಲ, ಓದಿದವರು ಅಂಗಡಿಯ ಪುಟಕ್ಕೆ ಬರುವುದಕ್ಕೆ ಅಡ್ಡಿಯೂ ಇಲ್ಲ. ಜಾಹೀರಾತಿನಿಂದ ಬರಬೇಕಾದ ಲಾಭ ಅಷ್ಟೇ ಅಲ್ಲವೇ? ಆದರೆ ಈ ಗುರುತು ಕಾಣುವುದು ಯಂತ್ರಕ್ಕೆ ಮಾತ್ರ. ಓದುಗನಿಗೆ ಕಾಣುವಂತೆ ಶೀರ್ಷಿಕೆಯ ಪಕ್ಕದಲ್ಲೇ ‘ಜಾಹೀರಾತು’ ಎಂದು ಮುದ್ರಿಸಬೇಕು.

ಇದಕ್ಕೆ ವಿರುದ್ಧವಾದ ಅತಿಯೂ ನಡೆಯುತ್ತಿದೆ. ಕೆಲವು ಸುದ್ದಿತಾಣಗಳ ಮೂಲ ಕೋಡ್ ತೆರೆದು ನೋಡಿದರೆ, ಹೊರಗಿನ ಲಿಂಕ್ ಯಾವುದೇ ಇರಲಿ, ಎಲ್ಲಕ್ಕೂ ನೋಫಾಲೋ ಅಂಟಿಸಿರುತ್ತಾರೆ. ಭದ್ರಾ ಮೇಲ್ದಂಡೆ ಯೋಜನೆಯ ವರದಿಯಲ್ಲಿ ಸರ್ಕಾರದ ದಾಖಲೆಗೆ ಕೊಟ್ಟ ಲಿಂಕ್‌ಗೂ, ಸಾಲದ ಆ್ಯಪ್‌ನ ಲಿಂಕ್‌ಗೂ ಆಗ ವ್ಯತ್ಯಾಸವೇ ಉಳಿಯುವುದಿಲ್ಲ. ತಮ್ಮ ತಾಣದ ತೂಕ ಹೊರಗೆ ಸೋರಿಹೋಗುತ್ತದೆ ಎಂಬ ಭಯ ಇದಕ್ಕೆ ಕಾರಣವಿರಬಹುದು. ಆದರೆ ಒಂದು ಲಿಂಕ್‌ಗೆ ನೋಫಾಲೋ ಹಾಕಿದರೆ ಅದರ ಪಾಲಿನ ತೂಕ ಉಳಿದ ಲಿಂಕ್‌ಗಳಿಗೆ ಸೇರುವುದಿಲ್ಲ ಎಂದು 2009ರಲ್ಲೇ ಗೂಗಲ್ ಸ್ಪಷ್ಟಪಡಿಸಿದೆ. ಹಾಗಾಗಿ ಆ ಜಿಪುಣತನದಿಂದ ಗಳಿಕೆಯೇನೂ ಇಲ್ಲ. ಇಂಗ್ಲಿಷ್ ವಿಕಿಪೀಡಿಯ 2007ರಿಂದ ಹೊರಲಿಂಕ್‌ಗಳಿಗೆಲ್ಲ ನೋಫಾಲೋ ಹಾಕುತ್ತಿದೆ, ನಿಜ. ಅಲ್ಲಿ ಯಾರು ಬೇಕಾದರೂ ಬಂದು ಲಿಂಕ್ ಸೇರಿಸಬಹುದು. ಉಪಸಂಪಾದಕರು ಓದಿ, ಆರಿಸಿ ಹಾಕುವ ಲಿಂಕ್‌ಗೆ ಆ ಅನುಮಾನ ಏಕೆ? ಮೊಳಕಾಲ್ಮುರು ಸೀರೆಯ ನೇಕಾರರ ಪುಟವೋ, ಚಿತ್ರದುರ್ಗದ ಶಾಸನಗಳನ್ನು ದಾಖಲಿಸುವ ಪುಟ್ಟ ಕನ್ನಡ ತಾಣವೋ ಹುಡುಕಾಟದಲ್ಲಿ ಮೇಲೆ ಬರಲು ಇಂಥ ಪ್ರಾಮಾಣಿಕ ಲಿಂಕ್‌ಗಳೇ ಆಧಾರ.

ತಮ್ಮ ವೆಬ್ ವಿಭಾಗ ಹಣ ಪಡೆದ ಲಿಂಕ್‌ಗಳಿಗಷ್ಟೇ ಸ್ಪಾನ್ಸರ್ಡ್ ಗುರುತು ಹಾಕಿ, ಸಂಪಾದಕೀಯ ಲಿಂಕ್‌ಗಳನ್ನು ಸಾಮಾನ್ಯವಾಗಿಯೇ ಬಿಡಲಿ, ಈ ನೀತಿಯನ್ನು ತಾಣದಲ್ಲಿ ಪ್ರಕಟಿಸಲಿ ಎಂದು ಕೋರುತ್ತೇನೆ. ಜಾಹೀರಾತು ವಿಭಾಗದ ಹಳೆಯ ಪುಟಗಳಿಗೆ ಟೆಂಪ್ಲೇಟ್ (ಆ ಪುಟಗಳಿಗೆಲ್ಲ ಒಂದೇ ಆಗಿರುವ ಅಚ್ಚು) ಒಮ್ಮೆ ತಿದ್ದಿದರೆ ಸಾಕು. ಸುದ್ದಿಯ ನಡುವೆ ತೂರಿಸಿದ ಲಿಂಕ್‌ಗಳನ್ನು ಮಾತ್ರ ಒಂದೊಂದಾಗಿ ಕೈಯಿಂದಲೇ ಹುಡುಕಬೇಕಾದೀತು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ವೆಬ್‌ಸೈಟ್ ನಿರ್ವಾಹಕ, ದಾವಣಗೆರೆ